ಮದುಮಗಳ ತೆಳುಗೂದಲು

ಬೋರಗಾಂವದಲ್ಲಿ ಒಬ್ಬ ಮದುಮಗಳನ್ನು ಸಿಂಗರಿಸಲು ಹೋಗಿದ್ದೆ. ಅವಳ ಕೂದಲು ಬಹಳ ತೆಳು. ಅದು ಸಾಲದೆಂಬಂತೆ ಅವಳ ಅಜ್ಜಿ ಬೆಳಗ್ಗೆಯೇ ಧಾರಾಳವಾಗಿ ಕೊಬ್ಬರಿ ಎಣ್ಣೆ ಹಚ್ಚಿದ್ದಳು. ಕೂದಲೆಲ್ಲ ನೆತ್ತಿಗೆ ಅಂಟಿಕೊಂಡಿತ್ತು.

"ಫೋಟೋದಾಗ ನನ್ನ ತಲಿ ಬೋಳ ಕಾಣತೈತ್ರಿ ಅಕ್ಕಾ" ಎಂದು ಹುಡುಗಿ ಅಳತೊಡಗಿದಳು.

ತಲೆ ತೊಳೆಸಿ, ಅವಳನ್ನು ಬಗ್ಗಿಸಿ, ಕೂದಲನ್ನು ಮುಂದಕ್ಕೆ ಇಳಿಬಿಟ್ಟು ಬುಡಕ್ಕೆ ಡ್ರೈಯರಿನ ಬಿಸಿಗಾಳಿ ಹಿಡಿದೆ. ಅಷ್ಟರಲ್ಲಿ ಒಳಬಂದ ಅಜ್ಜಿ, ಮುಖ ಮುಚ್ಚಿ ಹಾರಾಡುತ್ತಿದ್ದ ಕೂದಲು ಕಂಡು, "ಅಯ್ಯ ಯವ್ವಾ, ಹುಡುಗಿಗಿ ಏನಾತು?" ಎಂದು ಚೀರಿದಳು.

ಹುಡುಗಿ ತಲೆ ಎತ್ತಿದಳು. ಕೂದಲು ದುಪ್ಪಟ್ಟಾದಂತೆ ಉಬ್ಬಿ ನಿಂತಿತ್ತು. ಅಜ್ಜಿ ಮುಟ್ಟಿ ನೋಡಿದಳು, ಬಾಗಿಲು ಹಾಕಿದಳು, ಸೆರಗು ಸರಿಸಿ ನನ್ನೆದುರು ತಲೆ ಬಗ್ಗಿಸಿದಳು.

"ನಂದೂ ಒಂದೀಟ ಮಾಡವಾ."

ಮದುಮಗಳು ಅಕ್ಷತೆಯ ಹೊತ್ತಿಗೆ ಸರಿಯಾಗಿ ಹೋದಳು. ಎಲ್ಲರೂ ಕಾಯಬೇಕಾಗಿ ಬಂದದ್ದು ಅಜ್ಜಿಗಾಗಿ.