ಅಪ್ಪನ ಕಾರನ್ನು ತಗ್ಗಿಸಿದ ಗಂಡ

ಅವಳ ಗಂಡನನ್ನು ಬೀದಿಯವರು ‘ಪಂಡಿತ’ ಅಂತ ಕರೆಯುತ್ತಿದ್ದರು. ಅದು ಗೇಲಿ ಅಂತ ಅವನೊಬ್ಬನನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ವಿಮಾ ಕಚೇರಿಯ ಗುಮಾಸ್ತ. ನಲ್ಲಿ ರಿಪೇರಿಗೆ ಕೈಹಾಕಿ ಅಡುಗೆಮನೆಯನ್ನು ಕೆರೆ ಮಾಡಿ, ತಪ್ಪು ನಲ್ಲಿಯದು ಅಂದಿದ್ದ ಮಹಾನುಭಾವ. ಇಂಥವನಿಗೆ ಅವಳ ಅಪ್ಪನ ಹಳೇ ಕಾರು ಸಿಕ್ಕಿದ್ದು ಮಂಗನ ಕೈಗೆ ಮಾಣಿಕ್ಯ ಕೊಟ್ಟ ಹಾಗಾಯಿತು.

ಅಪ್ಪ ತೀರಿಕೊಂಡ ಮೇಲೆ ಕಾರು ಅವಳ ಪಾಲಿಗೆ ಬಂದಿತ್ತು. ಮೊಣಕಾಲು ನೋವಿನ ಅಮ್ಮನನ್ನು ಅದರಲ್ಲೇ ಕೂರಿಸಿಕೊಂಡು ಒಮ್ಮೆ ಸಮುದ್ರ ತೋರಿಸಿ ತರಬೇಕು, ಅಷ್ಟೇ ಅವಳ ಆಸೆ. ಪಂಡಿತನಿಗೋ, ಕಾರು ನೆಲ ಸವರಿಕೊಂಡು ಹೋಗಬೇಕು! ಹಿಂದಿನ ಚಕ್ರಗಳ ಅಚ್ಚಿಗೂ ಸ್ಪ್ರಿಂಗ್ ಪಟ್ಟಿಗೂ ನಡುವೆ ಕಬ್ಬಿಣದ ಗಟ್ಟಿ ತುರುಕಿ ತಗ್ಗಿಸಿಯೇಬಿಟ್ಟ. ಅವತ್ತಿನಿಂದ ವೇಗ ಏರಿದರೆ ಸಾಕು, ಸೀಟು, ಗಾಜು, ಹಲ್ಲು ಎಲ್ಲಾ ಗಡಗಡ.

ಇಂಜಿನ್ನಿನ ಓಟವನ್ನು ಹಿಂದಿನ ಚಕ್ರಕ್ಕೆ ಮುಟ್ಟಿಸುವ ಶಾಫ್ಟು, ಅದರ ತುದಿ ಸೇರುವ ಅಚ್ಚಿನ ಹಲ್ಲುಗಾಲಿ, ಅಂದರೆ ಪಿನಿಯನ್ನಿನ ಮೂತಿ, ಇವೆರಡರ ಕೋನ ಹೊಂದಬೇಕು; ಇಲ್ಲದಿದ್ದರೆ ಹೀಗೇ ಗಡಗಡ. ಅಷ್ಟನ್ನು ಅವನೂ ಎಲ್ಲೋ ಓದಿದ್ದ. ಆದರೆ ಅಳೆದದ್ದು ಕಾರನ್ನು ಜಾಕಿಗೆ ಏರಿಸಿ, ಚಕ್ರಗಳು ಗಾಳಿಯಲ್ಲಿ ಜೋತಾಡುವಾಗ! ಚಕ್ರ ನೆಲಕ್ಕೆ ಕೂತು ಭಾರ ಬಿದ್ದರೆ ಆ ಕೋನವೇ ಬೇರೆ.

“ಗ್ಯಾರೇಜಿನವರು ಹೇಳಿದ್ರಲ್ಲ, ಜಾಕಿಯಿಂದ ಕೆಳಗಿಳಿಸಿ ಅಳೀರಿ ಅಂತ” ಅಂದಳು.

“ಇಳಿಸಿದ್ರೆ ಕಾರಿನ ಅಡಿಗೆ ನುಗ್ಗೋದು ಹೇಗೆ? ಅಷ್ಟು ತಗ್ಗಿಸಿದೀನಿ, ಕಾಣಲ್ವಾ?” ಅಂದ, ಅದೂ ಮೀಸೆ ತಿರುವಿಕೊಂಡು. ಥೂ, ಇವನ ಬುದ್ಧಿಗಿಷ್ಟು! ಅವಳಿಗೆ ಹಣೆ ಚಚ್ಚಿಕೊಳ್ಳುವ ಹಾಗಾಯಿತು.

ಭಾನುವಾರ ಆ ಅಳತೆಗೇ ಹೊಸ ಬೆಣೆ, ಹೊಸ ಜಾಯಿಂಟು ಹಾಕಿ, ಎಲ್ಲಾ ಸರಿಹೋಯಿತು ಅಂತ ಘೋಷಿಸಿ ಅತ್ತೆಯನ್ನು ಮುಂದಿನ ಸೀಟಿನಲ್ಲಿ ಕೂರಿಸಿದ. ಅವಳು ಹಿಂದೆ ಕೂತಳು. ಊರು ದಾಟುತ್ತಲೇ ಅಮ್ಮ ಬಾಗಿಲು ಗಟ್ಟಿಯಾಗಿ ಹಿಡಿದುಕೊಂಡು, “ಏನಪ್ಪಾ, ಇದು ಕಾರೋ ಹಿಟ್ಟಿನ ಗಿರಣಿಯೋ?” ಅಂದರು. “ಹೊಸ ಪಾರ್ಟು ಅತ್ತೆ, ಪಳಗಬೇಕು” ಅಂತ ಅವನು ಎಕ್ಸಿಲೇಟರನ್ನು ಇನ್ನಷ್ಟು ಒತ್ತಿದ.

ಧಡಾರ್! ಮುಂದಿನ ಜಾಯಿಂಟು ಮುರಿದು ಶಾಫ್ಟು ಕಾರಿನ ಅಡಿಯಿಂದ ಬಡಿಯಿತು. ಅಮ್ಮನ ಪಾದದ ಪಕ್ಕದಲ್ಲೇ ಕಾರಿನ ತಳದ ತಗಡು ಉಬ್ಬಿ ಬಂತು.

“ಕಳಪೆ ಮಾಲು!” ಕಾರು ನಿಲ್ಲುವ ಮೊದಲೇ ಅವನ ತೀರ್ಪು ಬಂತು.

ಅಮ್ಮನನ್ನು ಮೈಲಿಗಲ್ಲಿನ ಮೇಲೆ ಕೂರಿಸಿದಳು. “ನಿಮ್ಮಪ್ಪ ಓಡಿಸುವಾಗ ಹತ್ತಿದವಳು ಊರು ಬರೋವರೆಗೂ ನಿದ್ದೆ ಮಾಡ್ತಿದ್ದೆ. ಇನ್ಮೇಲೆ ನನ್ನನ್ನ ಇದಕ್ಕೆ ಹತ್ತಿಸಬೇಡ ಮಗಳೇ” ಅಂದರು.

ಅವಳು ಗಂಡನ ಮುಂದೆ ಕೈ ಚಾಚಿದಳು. “ಕೀಲಿ ಕೊಡಿ.”

“ಗಾಡಿ ಬಗ್ಗೆ ನಿಂಗೇನೇ ಗೊತ್ತು?”

“ಏನೂ ಗೊತ್ತಿಲ್ಲ. ಅದಕ್ಕೇ, ನನ್ನ ಕೈಲಿದ್ದಿದ್ರೆ ಅಪ್ಪ ಇಟ್ಟ ಹಾಗೇ ಇರ್ತಿತ್ತು.”