ಮರಳುಗಾಡಿನ ಗೈಡ್ ಅನ್ನಾದುರ್ದಿ

ಕಾರಾಕುಮ್ ಮರಳುಗಾಡನ್ನು ಮೂರೇ ದಿನದಲ್ಲಿ ತೋರಿಸಿ ಮುಗಿಸುವ ಗೈಡ್ ಅನ್ನಾದುರ್ದಿಯ ಕಾಲು ಸೋತಿವೆ, ಕಣ್ಣು ಸೋತಿವೆ, ಬಾಯಿ ಮಾತ್ರ ಸೋತಿಲ್ಲ. ಕಣ್ಣು ಮುಚ್ಚಿಕೊಂಡೇ "ಎಡಕ್ಕೆ ಒಂಟೆ ನೋಡಿ" ಎನ್ನುತ್ತಾನೆ. ಒಂಟೆಗಳೂ ಹೇಳಿದಲ್ಲೇ ನಿಂತಿರುತ್ತವೆ. ನೆಲದೊಳಗಿನ ಅನಿಲದಿಂದ ವರ್ಷಗಟ್ಟಲೆ ಉರಿಯುತ್ತಲೇ ಇರುವ ಬೆಂಕಿಯ ಹೊಂಡ ಯಾವಾಗ ಆರುತ್ತದೆಂದು ಪ್ರವಾಸಿಗರು ಕೇಳಿದರೆ, "ನನ್ನ ಸರ್ವಿಸು ಮುಗಿದ ಮಾರನೇ ದಿನ. ಫೋಟೋ ಸಾಕು, ಗಾಡಿ ಹತ್ತಿ" ಎಂದು ಗದರುತ್ತಾನೆ. ಹಳೆಯ ಬಾವಿಯ ತಿರುವಿನಲ್ಲಿ ಮಾತ್ರ ಮಾತು ನಿಲ್ಲಿಸಿ, ಪ್ರಾರ್ಥನೆ ಮುಗಿಸಿದವನಂತೆ ಎರಡೂ ಅಂಗೈಗಳಿಂದ ಮುಖ ಸವರಿಕೊಳ್ಳುತ್ತಾನೆ. ಅಲ್ಲಿ ಅವನ ಹೆಂಡತಿಯ ಗೋರಿಯಿದೆ. ಸರಿದು ಬಂದ ಮರಳ ದಿಬ್ಬ ಅದನ್ನು ನುಂಗಿದೆ. ಗುರುತಿಗೆ ನೆಟ್ಟ ಕಂಬದ ತುದಿಯೊಂದೇ ಹೊರಗಿದೆ. ಡ್ರೈವರ್ ಕಾಕಾಜಾನ್ ಹೇಳಿಸಿಕೊಳ್ಳದೆ ಗಾಡಿ ನಿಧಾನ ಮಾಡುತ್ತಾನೆ. "ಕಾಣ್ತಾ ಅಣ್ಣ?" "ಹೋದ ಸಲ ಮೊಳ ಇತ್ತು, ಈಗ ಗೇಣು. ನಡಿ, ಇವರ ಊಟಕ್ಕೆ ಹೊತ್ತಾಯ್ತು."