ಪಂಚಾಮೃತಕ್ಕೆ ಜೇನು ಕೊಟ್ಟವರು

ಕಳೆದ ವಾರ ಇಲ್ಲಿಯ ಬ್ಯಾಲಂಟೈನ್ ಬಡಾವಣೆ ಹತ್ತಿರದ ಲೈಬ್ರರಿಯೊಂದರಲ್ಲಿ ಒಂದು ಕೋಣೆ ತುಂಬ ಜನ ನನಗೆ ಚಪ್ಪಾಳೆ ತಟ್ಟಿದರು. ಮೊದಲ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ತಟ್ಟಿದವರು ನಮ್ಮ ಪಕ್ಕದ ಮನೆಯ ಮಿಸ್ ಡೋರಿಸ್.

ಅವರ ಜೇನುಹುಳುಗಳನ್ನು ಕೊಂದವನು ನಾನು. ಅದು ಅವರಿಗೆ ಆಗ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಈ ವಾರ ಬೇರೆ ಏನೋ ಬರೆಯಲು ಕೂತಿದ್ದೆ. (ಡಿಶ್‌ವಾಷರ್ ಮುಂದೆ ನಾನು ಪಟ್ಟ ಪಾಡಿನ ಬಗ್ಗೆ ಅರ್ಧ ಪುಟ ಆಗಿತ್ತು.) ಮುಂದೆ ಹೋಗಲಿಲ್ಲ. ಈ ವಿಷಯ ಹೇಳದೆ ಇನ್ನೊಂದು ಹೇಳಿದರೆ ನಿಮಗೆ ಮೋಸ ಮಾಡಿದ ಹಾಗೆ. ಏಕೆಂದರೆ ಪಶ್ಚಿಮದವರಿಗೆ ಪ್ರಕೃತಿ ಬರೀ ಸರಕು, ನಮಗಾದರೆ ದೇವರು ಎಂದು ಇದೇ ಅಂಕಣದಲ್ಲಿ ಬರೆದವನು ನಾನು. ತುಂಬ ಚೆನ್ನಾಗಿದೆ ಎಂದು ನೀವೂ ಬರೆದಿರಿ.

ಹೊಸ ಓದುಗರಿಗೆ ಎರಡು ಮಾತು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಮೈಸೂರಿನಲ್ಲಿ ಬಸ್ ಡಿಪೋದ ಸ್ಟೋರ್ ನೋಡಿಕೊಂಡಿದ್ದವನು. ಈಗ ಕಡಲು ದಾಟಿ ಬಂದು ಫೋರ್ಟ್ ಮಿಲ್ ಎಂಬ ಊರಿನಲ್ಲಿ ಮಗಳು ರೂಪಾ, ಅಳಿಯ ಸತೀಶನ ಜೊತೆ ಇದ್ದೇನೆ. ನಮ್ಮ ಕಾಲೊನಿಯ ಬೇಲಿ ಮುಗಿಯುವಲ್ಲಿ ಮಿಸ್ ಡೋರಿಸ್ ಅವರ ಹಳೇ ಮನೆ. ಕಾಲೊನಿ ಹುಟ್ಟುವ ಮೊದಲೇ ಇದ್ದ ಮನೆ ಅದು. ಅವರು ಸ್ಕೂಲ್ ಬಸ್ ಓಡಿಸಿ ರಿಟೈರ್ ಆದವರು. ಬಸ್ಸಿನ ಬ್ರೇಕ್ ಬಗ್ಗೆ ಬೇಲಿಗೊರಗಿ ಮಾತಾಡಲು ಈ ದೇಶದಲ್ಲಿ ನನಗೆ ಇನ್ಯಾರು ಸಿಗುತ್ತಾರೆ? ಗಂಡ ಎರ್ಲ್ ತೀರಿಕೊಂಡ ಮೇಲೆ ಆ ಮನೆಯಲ್ಲಿ ಅವರೊಬ್ಬರೇ. ಹಿತ್ತಲಿನಲ್ಲಿ ಗಂಡ ಬಿಟ್ಟುಹೋದ ಮೂರು ಜೇನುಪೆಟ್ಟಿಗೆ.

ನಮ್ಮ ಶ್ರಾವಣದ ಸತ್ಯನಾರಾಯಣ ಪೂಜೆಗೆ ಪ್ರತಿ ವರ್ಷ ಅವರೇ ಒಂದು ಬಾಟಲಿ ಜೇನು ತಂದುಕೊಡುತ್ತಾರೆ. ಪಂಚಾಮೃತಕ್ಕೆ ಅಂಗಡಿಯ ಜೇನು ತರಲು ಬಿಡುವುದಿಲ್ಲ. ಬದಲಿಗೆ ಅವರು ಕೇಳಿದ್ದು ಒಂದೇ. ಹಿತ್ತಲಿಗೆ ಸೊಳ್ಳೆ ಔಷಧಿ ಹೊಡೆಸುವುದಿದ್ದರೆ ಹಿಂದಿನ ದಿನ ಒಂದು ಮಾತು ಹೇಳಿ, ಅಷ್ಟೆ.

ಈ ಸಲ ಪೂಜೆ ಶನಿವಾರ. ದೂರದ ಶ್ಯಾಂಟಿಲಿಯಿಂದ ಸತೀಶನ ಅಣ್ಣನ ಮನೆಯವರು ಡ್ರೈವ್ ಮಾಡಿಕೊಂಡು ಬರುವವರಿದ್ದರು. ಹೋದ ವರ್ಷ ಊಟದ ಹೊತ್ತಿಗೆ ಅವರ ಮಕ್ಕಳ ಕೈಕಾಲೆಲ್ಲ ಸೊಳ್ಳೆ ಕಡಿದು ಕೆಂಪಾಗಿ, ನಮಗೆ ಮಾತು ಬಂದಿತ್ತು. ಹಾಗಾಗಿ ನಾನೇ ಮುಂದೆ ಬಿದ್ದು ಔಷಧಿಯವರಿಗೆ ಫೋನ್ ಮಾಡಿಸಿದೆ.

ಶುಕ್ರವಾರ ಮಧ್ಯಾಹ್ನ ಒಬ್ಬ ಬಂದ. ಬೆನ್ನಿಗೆ ಟ್ಯಾಂಕು, ಕೈಯಲ್ಲಿ ಕೊಳವೆ. ಮನೆಯಲ್ಲಿ ನಾನೊಬ್ಬನೇ. ಬೇಲಿಯಾಚೆ ಮಿಸ್ ಡೋರಿಸ್ ಕೂಡ ಇರಲಿಲ್ಲ. ಶುರು ಮಾಡುವ ಮೊದಲು ಕೇಳಿದ: ಹತ್ತಿರದಲ್ಲಿ ಯಾರಾದರೂ ಜೇನು ಸಾಕಿದ್ದಾರೆಯೇ, ಸರ್?

ಇದ್ದಾರೆ ಎಂದರೆ ಅವನು ಇನ್ನೊಂದು ದಿನ ಬರುತ್ತಿದ್ದ. ಪೂಜೆ ನಾಳೆ.

"ನೋ" ಎಂದೆ.

ಅಷ್ಟೇ ನೋಡಿ. ಒಂದಕ್ಷರದ ಸುಳ್ಳು. ಬೇಲಿಯುದ್ದಕ್ಕೂ ಕ್ರೇಪ್ ಮರ್ಟಲ್ ಗಿಡಗಳು ಹೂ ಬಿಟ್ಟು ತೂಗುತ್ತಿದ್ದವು. ಅವನು ಎಲೆಎಲೆಗೂ ಹೊಡೆದ. ಹೂವಿನ ಮೇಲೆ ಹುಳು ಕೂತಿದ್ದನ್ನು ನಾನು ಅಡುಗೆಮನೆ ಕಿಟಕಿಯಿಂದ ನೋಡಿದೆ. ನೋಡಿ, ತೆಂಗಿನಕಾಯಿ ಸುಲಿಯಲು ಹೋದೆ. ಹೋಗುವ ಮುಂಚೆ ಅವನು ಹುಲ್ಲಿನಲ್ಲಿ ಒಂದು ಪುಟ್ಟ ಹಳದಿ ಬಾವುಟ ಸಿಕ್ಕಿಸಿದ್ದ. ಔಷಧಿ ಹೊಡೆದಿದೆ, ಎಚ್ಚರಿಕೆ ಎಂದು. ರಂಗೋಲಿ ಹಾಕುವ ಜಾಗದ ಪಕ್ಕ ಅದೇಕೆ ಎಂದು ಕಿತ್ತು ಕಸಕ್ಕೆ ಹಾಕಿದೆ.

ಶನಿವಾರ ಪೂಜೆ ಚೆನ್ನಾಗಿಯೇ ಆಯಿತು. ಒಂದು ಸೊಳ್ಳೆ ಇಲ್ಲ. ಮಿಸ್ ಡೋರಿಸ್ ಬಂದು ಕುರ್ಚಿ ಹಾಕಿಕೊಂಡು ಕೂತು ಪ್ರಸಾದದ ಸಜ್ಜಿಗೆ ತಿಂದರು. ಈ ಕಡೆಯ ಜನ ಬೆಳಿಗ್ಗೆ ಗ್ರಿಟ್ಸ್ ಎಂದು ಜೋಳದ ನುಚ್ಚಿನ ಗಂಜಿ ತಿನ್ನುತ್ತಾರೆ, ಉಪ್ಪು ಬೆಣ್ಣೆ ಹಾಕಿ. "ಇದು ನಮ್ಮ ಗ್ರಿಟ್ಸೇ, ಮಿಸ್ಟರ್ ಮೂರ್ತಿ. ಯಾರೋ ಪಾಪಿ ಸಕ್ಕರೆ ಸುರಿದು ಕೆಡಿಸಿದ್ದಾನೆ" ಎಂದು ಎರಡನೇ ಸಲ ಹಾಕಿಸಿಕೊಂಡರು. ಎಲ್ಲರೂ ನಕ್ಕೆವು. ಬೆಳ್ಳಿ ಬಟ್ಟಲಿನಲ್ಲಿ ಅವರ ಜೇನು. ಬೇಲಿಯಾಚೆ ಏನಾಗುತ್ತಿದೆ ಎಂದು ನಾನು ಇಣುಕಲಿಲ್ಲ.

ಭಾನುವಾರ ಬೆಳಿಗ್ಗೆ ಅವರು ಬಕೆಟ್ ಬೋರಲು ಹಾಕಿ ಪೆಟ್ಟಿಗೆಗಳ ಮುಂದೆ ಕೂತಿದ್ದರು. ಹೋದೆ. ನೆಲದ ಮೇಲೆ ಕಾಫಿಪುಡಿ ಚೆಲ್ಲಿದ ಹಾಗೆ ಹುಳುಗಳು. ಕೆಲವು ಇನ್ನೂ ಬೆನ್ನ ಮೇಲೆ ಬಿದ್ದು ತಿರುಗುತ್ತಿದ್ದವು.

"ತಪ್ಪು ನನ್ನದೇ" ಎಂದರು. ಜೇನಿಗೆ ನುಸಿ ಹತ್ತುತ್ತದಂತೆ. ಅದಕ್ಕೆಂದು ಹೋದ ವಾರ ಪೆಟ್ಟಿಗೆಯೊಳಗೆ ಒಂದು ಔಷಧಿ ಇಟ್ಟಿದ್ದರಂತೆ. ಬಿಸಿಲು ಹೆಚ್ಚಿರುವಾಗ ಅದನ್ನು ಇಡಬಾರದಂತೆ. "ಎರ್ಲ್ ಇದ್ದಿದ್ದರೆ ನನಗೆ ಮುಟ್ಟಲೂ ಬಿಡುತ್ತಿರಲಿಲ್ಲ" ಎಂದರು.

ನಾನೇನು ಹೇಳಿದೆ ಗೊತ್ತೆ? "ವಯಸ್ಸಾಯಿತಲ್ಲ, ನಮ್ಮಂಥವರಿಗೆ ಇದೆಲ್ಲ ಸಹಜ" ಎಂದೆ. ಸಮಾಧಾನ ಮಾಡಿದೆ! ಅವರು ನನ್ನ ಕೈ ಹಿಡಿದು ಥ್ಯಾಂಕ್ಸ್ ಹೇಳಿದರು.

ಸಂಜೆ ತಡೆಯಲಾಗದೆ ಸತೀಶನಿಗೆ ಹೇಳಿದೆ.

"ಬೇರೆ ಯಾರಿಗಾದ್ರೂ ಹೇಳಿದ್ರಾ, ಮಾವ?"

"ಇಲ್ಲಪ್ಪ."

"ಹೇಳ್ಬೇಡಿ. ಇಲ್ಲಿ ಸಾರಿ ಅಂದ್ರೆ ತಪ್ಪು ಒಪ್ಕೊಂಡ ಹಾಗೆ. ನಾಳೆ ಲಾಯರ್ ನೋಟಿಸ್ ಬಂದ್ರೆ? ಇಂಡಿಯನ್ಸ್ ಎಲ್ಲಾ ಹಿಂಗೇ ಅಂತ ಸ್ಟ್ರೀಟ್ ಪೂರ್ತಿ ಮಾತಾಡ್ಕೊಂಡ್ರೆ?"

"ಅವ್ರು ತಮ್ಮದೇ ತಪ್ಪು ಅಂತ ಅಳ್ತಾ ಕೂತಿದಾರೆ ಕಣಪ್ಪ."

"ಒಂದ್ ವಾರ. ಆಮೇಲೆ ಹೊಸಾ ಹುಳ ಆರ್ಡರ್ ಮಾಡ್ತಾರೆ. ಪೋಸ್ಟ್‌ನಲ್ಲೇ ಬರತ್ತೆ ಈಗ."

ಸಿಂಕಿನ ಹತ್ತಿರ ಇದ್ದ ರೂಪಾ ತಿರುಗದೆಯೇ ಕೇಳಿದಳು: "ಅಲ್ಲಿವರ್ಗೂ ಅಪ್ಪ ಅವ್ರ ಮುಖ ಹೆಂಗ್ ನೋಡ್ತಾರೆ?"

"ಆ ಕಡೆ ಬ್ಲೈಂಡ್ಸ್ ಹಾಕಿದ್ರಾಯ್ತು" ಎಂದ ಸತೀಶ. ಯಾರೂ ನಗಲಿಲ್ಲ. ಆದರೆ ನಾನು ಬ್ಲೈಂಡ್ಸ್ ಹಾಕಿದೆ.

ಬುಧವಾರ ಲೈಬ್ರರಿ ಕಾರ್ಯಕ್ರಮ. ಪ್ರಕೃತಿಯ ಬಗ್ಗೆ ಪೂರ್ವ ಪಶ್ಚಿಮ ಏನು ಹೇಳುತ್ತವೆ ಎಂಬ ಮಾತುಕತೆ. ಅಲ್ಲಿಯ ಕಾಲೇಜೊಂದರ ತತ್ವಶಾಸ್ತ್ರದ ಮೇಷ್ಟರು ಪಶ್ಚಿಮದ ಪರ, ಪೂರ್ವದ ಪರ ನಾನು. (ಅಂಕಣ ಬರೆಯುವವನೆಂದು ರೂಪಾಳ ಸ್ನೇಹಿತೆ ಹೆಸರು ಕೊಟ್ಟಿದ್ದಳು. ಪೂರ್ವಕ್ಕೆ ಬೇರೆ ಗತಿ ಇರಲಿಲ್ಲವೇನೋ.) ನನಗೆ ಡ್ರೈವಿಂಗ್ ಬರುವುದಿಲ್ಲ. ಕರೆದುಕೊಂಡು ಹೋದವರು ಮಿಸ್ ಡೋರಿಸ್.

ಮೇಷ್ಟರು ತಮ್ಮವರ ತಪ್ಪುಗಳನ್ನೇ ಮೊದಲು ಹೇಳಿದರು. ಮನುಷ್ಯನನ್ನು ಯಜಮಾನನ ಜಾಗದಲ್ಲಿ ಕೂರಿಸಿ ಮಿಕ್ಕಿದ್ದನ್ನೆಲ್ಲ ಸಾಮಾನು ಎಂದುಕೊಂಡೆವು ಎಂದರು. ಆಮೇಲೆ ಅದನ್ನು ಪ್ರಶ್ನಿಸಿದವರೂ ನಮ್ಮಲ್ಲೇ ಹುಟ್ಟಿದರು, ಮಣ್ಣು ನೀರು ಹುಳುವನ್ನು ನೆರೆಹೊರೆ ಎಂದು ಕಂಡರು ಎಂದರು. ನಾನು ಎದ್ದು ನಿಂತು, ಬೆಳಿಗ್ಗೆ ನೆಲಕ್ಕೆ ಕಾಲಿಡುವ ಮೊದಲು ನಾವು ಭೂಮಿತಾಯಿಯ ಕ್ಷಮೆ ಕೇಳುತ್ತೇವೆ ಎಂದು ಹೇಳಿ ಶ್ಲೋಕ ಹೇಳಿದೆ.

ಮಿಸ್ ಡೋರಿಸ್ ಕೈ ಎತ್ತಿದರು. ಕುಹಕವಲ್ಲ, ನಿಜವಾಗಿ ತಿಳಿಯಬೇಕಿತ್ತು ಅವರಿಗೆ. "ಕ್ಷಮೆ ಕೇಳಿದಾಗ ಭೂಮಿ ಏನು ಉತ್ತರ ಕೊಡುತ್ತಾಳೆ?"

"ತಾಯಿಯಾದವಳು ಉತ್ತರ ಕೊಡಬೇಕಿಲ್ಲ" ಎಂದೆ. ಚಪ್ಪಾಳೆ ಬಿದ್ದದ್ದು ಅದಕ್ಕೆ.

ವಾಪಸ್ ಬರುವಾಗಲೂ ಕಾರು ಓಡಿಸಿದವರು ಅವರೇ. ಇನ್ನು ಜೇನು ಸಾಕುವುದಿಲ್ಲ, ನನ್ನ ಕೈ ಮೇಲೆ ನನಗೇ ನಂಬಿಕೆ ಹೋಯಿತು ಎಂದರು. ಪೆಟ್ಟಿಗೆಗಳನ್ನು ಯಾರಿಗಾದರೂ ಕೊಟ್ಟುಬಿಡುತ್ತಾರಂತೆ.

ಅವತ್ತಿನಿಂದ ನನ್ನ ಚತುರ ಉತ್ತರವೇ ನನ್ನನ್ನು ತಿನ್ನುತ್ತಿದೆ. ಭೂಮಿ ಉತ್ತರ ಕೊಡುವುದಿಲ್ಲ ಎಂಬ ಧೈರ್ಯದಿಂದಲೇ ಅಲ್ಲವೇ ನಾವು ಅಷ್ಟು ಸಲೀಸಾಗಿ ಕ್ಷಮೆ ಕೇಳುವುದು? ತಾಯಿ ಎಂದು ಕರೆದುಬಿಟ್ಟರೆ ಮುಗಿಯಿತು, ಕ್ಷಮಿಸುವುದು ಅವಳ ಕೆಲಸ. ನೆರೆಯವಳು ಹಾಗಲ್ಲ. ಅವಳು ಆಗುವುದಿಲ್ಲ ಎನ್ನಬಹುದು. ಹುಲ್ಲಿನಲ್ಲಿ ನೆಟ್ಟ ಆ ಬಾವುಟದಲ್ಲಿ ದೇವರು ಇರಲಿಲ್ಲ, ಕಾವ್ಯವೂ ಇರಲಿಲ್ಲ. ನಾನು ಹೀಗೆ ಮಾಡಿದ್ದೇನೆ ಎಂದು ನೆರೆಹೊರೆಗೆ ಹೇಳುವ ಒಂದು ಸಾಲು ಇತ್ತು. ನಾನು ಅದನ್ನು ಕಿತ್ತವನು.

ಪಶ್ಚಿಮ ದೊಡ್ಡದು, ನಾವು ಸಣ್ಣವರು ಎಂದು ಹೇಳುತ್ತಿಲ್ಲ. ವಿಷ ಅವರದು, ಅದನ್ನು ಮನೆಮನೆಗೆ ಹೊಡೆಯುವ ಕಸುಬೂ ಅವರದು. ನಮ್ಮ ಹಿರಿಯರು ಆ ಶ್ಲೋಕವನ್ನು ಅಳುಕಿನಿಂದ ಹೇಳುತ್ತಿದ್ದರೆಂದೇ ನಂಬಿದ್ದೇನೆ. ನನ್ನ ಬಾಯಲ್ಲಿ ಅದು ಜಂಬವಾಗಿತ್ತು. ಅವರ ವಿಷ, ನಮ್ಮ ಜಂಬ. ಎರಡನ್ನೂ ಒಂದೇ ಹಿತ್ತಲಿನಲ್ಲಿ ಸೇರಿಸಿದವನು ನಾನು. ಪೂರ್ವ ಪಶ್ಚಿಮ ಕೂಡುವುದೆಂದರೆ ಇದೇ ಏನು?

ಮೊನ್ನೆ ಬೆಳಿಗ್ಗೆ ಸತೀಶ ಆಫೀಸಿಗೆ ಹೋದ ಮೇಲೆ ಬೇಲಿ ದಾಟಿದೆ. ಮಿಸ್ ಡೋರಿಸ್ ಖಾಲಿ ಪೆಟ್ಟಿಗೆಗಳನ್ನು ಕೆರೆದು ತೊಳೆಯುತ್ತಿದ್ದರು. ನಿಂತೇ ಹೇಳಿದೆ. ಔಷಧಿಯವನು ಕೇಳಿದ್ದು, ನಾನು ಇಲ್ಲ ಎಂದದ್ದು, ಬಾವುಟ ಕಿತ್ತದ್ದು, ಎಲ್ಲ. ನನ್ನ ಇಂಗ್ಲಿಷ್ ಅಲ್ಲಲ್ಲಿ ಮುರಿಯಿತು. ಅವರು ನಡುವೆ ಸಹಾಯ ಮಾಡಲಿಲ್ಲ.

"ನನಗೆ ಹೇಳಿದ್ದರೆ ಪೆಟ್ಟಿಗೆಗಳಿಗೆ ಒದ್ದೆ ಬೆಡ್‌ಶೀಟ್ ಹೊದಿಸಿ ಹುಳುಗಳನ್ನು ಒಳಗೇ ಇಡುತ್ತಿದ್ದೆ" ಎಂದರು ಕೊನೆಗೆ. "ಅಷ್ಟೇ ಕೆಲಸ."

ಕ್ಷಮಿಸುತ್ತೀರಾ ಎಂದು ಕೇಳಿದೆ.

"ಈಗ ಆಗುವುದಿಲ್ಲ, ಮಿಸ್ಟರ್ ಮೂರ್ತಿ. ಯಾವತ್ತಾದರೂ ಆದರೆ ನಾನೇ ಬಂದು ಹೇಳುತ್ತೇನೆ."

ತಿರುಗಿ ಹೊರಟವನನ್ನು ಅವರೇ ನಿಲ್ಲಿಸಿದರು. ಅವರ ಕಡೆ ಹಳೇ ಜನರಲ್ಲಿ ಒಂದು ಪದ್ಧತಿಯಂತೆ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಹೋಗಿ ಜೇನಿಗೆ ತಿಳಿಸಬೇಕು, ಇಲ್ಲದಿದ್ದರೆ ಅವು ಬೇಸರಪಟ್ಟು ಬಿಟ್ಟುಹೋಗುತ್ತವೆ. ಎರ್ಲ್ ಹೋದ ಬೆಳಿಗ್ಗೆ ಅವರು ಒಂದೊಂದು ಪೆಟ್ಟಿಗೆಯನ್ನೂ ಮೆಲ್ಲಗೆ ತಟ್ಟಿ ಹೇಳಿದ್ದರಂತೆ. ಫೋನ್ ಮಾಡಲು ಬೇರೆ ಯಾರೂ ಇರಲಿಲ್ಲ, ಮೊದಲು ಅವಕ್ಕೇ ಹೇಳಿದೆ ಎಂದರು. ಆಮೇಲೆ ಬ್ರಷ್ ತೆಗೆದುಕೊಂಡು ಮತ್ತೆ ಕೆರೆಯಲು ಶುರು ಮಾಡಿದರು.

ಈಗ ಸತ್ತಿರುವುದು ಅವೇ. ಇದನ್ನು ಅವರು ಯಾರ ಪೆಟ್ಟಿಗೆ ತಟ್ಟಿ ಹೇಳಬೇಕು?